ಬಂಡೆಯ ಮೇಲೆ ಹದಿನೇಳು ಜೊತೆ

ಒಂದು ಜೊತೆ ಚಪ್ಪಲಿ ಉಳಿಯಿತು.

ಎಲ್ಲರೂ ವ್ಯಾನಿನಲ್ಲಿ ಕೂತಾಗಿತ್ತು. ಒಳಗೆ ಕೇಕೆ, ಸಿಳ್ಳೆ. ಗುಬ್ಬಿ ಕಡೆ ತೆಂಗಿನಕಾಯಿ ಲೋಡ್ ಮಾಡುವ ಹುಡುಗರು, ಹನ್ನೆರಡು ಜನ. ನಾನು ಇಂಜಿನ್ ಆನ್ ಮಾಡಿದ್ದೆ. ಅಷ್ಟರಲ್ಲಿ ಫಾರೆಸ್ಟ್ ಗಾರ್ಡ್ ತಮ್ಮಯ್ಯ ಹೊಳೆ ಕಡೆಯಿಂದ ಓಡಿಬಂದ. ಕೈಯಲ್ಲಿ ನೀಲಿ ಬಾರಿನ ಹವಾಯಿ ಚಪ್ಪಲಿ.

"ಇದು ಯಾರ್ದು?"

"ಬುಡಿ ಅಣ್ಣ, ಅದು ಬಸ್ಯಂದು. ಕಿತ್ತೋಗಿರ್ತದೆ, ಅಲ್ಲೇ ಬುಟ್ಟವ್ನೆ," ಎಂದ ಒಬ್ಬ.

"ಬಸ್ಯ ಎಲ್ಲವ್ನೆ?"

"ಹಿಂದ್ಗಡೆ ಸೀಟಲ್ಲಿ ಮಲ್ಗವ್ನೆ ನೋಡಿ."

ಹಿಂದಿನ ಸೀಟಿನಲ್ಲಿ ಮಲಗಿದ್ದದ್ದು ಬಸ್ಯನಲ್ಲ. ಒದ್ದೆ ಬಟ್ಟೆಯ ಗಂಟು, ಅದರ ಮೇಲೆ ಹೊದಿಸಿದ ಟವೆಲ್.

ಓಡಿದೆವು. ಕೆಳಗಿನ ಮಡುವಿನಲ್ಲಿ ಬಸ್ಯ ಮರದ ಬೇರೊಂದನ್ನು ಹಿಡಿದುಕೊಂಡು ನೇತಾಡುತ್ತಿದ್ದ. ಎರಡೂ ಕಾಲಿನ ಮೀನಖಂಡಗಳು ಸೆಳೆತ ಹಿಡಿದು ಕಲ್ಲಾಗಿದ್ದವು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ನೀರಿನ ಸದ್ದಿನಲ್ಲಿ ಅವನ ಕೂಗು ಹತ್ತು ಮಾರು ದೂರಕ್ಕೂ ಬಂದಿರಲಿಲ್ಲ. ತಮ್ಮಯ್ಯ ಹಗ್ಗ ಎಸೆದ, ನಾವು ಎಳೆದೆವು. ದಡಕ್ಕೆ ಬಂದವನು ಮೊದಲು ಹೇಳಿದ್ದು: "ನನ್ ಚಪ್ಲಿ ಕಿತ್ತಿರ್ಲಿಲ್ಲ ಕಣ್ರಲೇ. ಹೊಸಾದು."

ಆವತ್ತು ತಮ್ಮಯ್ಯ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ. ಅವನು ನಮ್ಮ ಕುಣಿಗಲ್ ಕಡೆಯವನೇ, ಕೆಲಸಕ್ಕೆ ಆ ಕಾಡು ಸೇರಿದವನು. "ಡ್ರೈವರ್ರೇ, ನೀರತ್ರ ತಲೆ ಎಣಿಸ್ಬ್ಯಾಡಿ. ತಲೆ ಓಡಾಡ್ತವೆ. ಚಪ್ಲಿ ನಿಂತ್ಕಂಡಿರ್ತವೆ. ಸಾಲಾಗಿ ಬಿಡ್ಸಿ, ಅವನ್ನ ಎಣಿಸಿ. ದಡದ ಮೇಲೆ ಚಪ್ಲಿ ಐತೆ ಅಂದ್ರೆ ನೀರಲ್ಲಿ ಆಳು ಅವ್ನೆ."

ನಾನು ಡ್ರೈವಿಂಗ್ ಶುರು ಮಾಡಿದ ಮೊದಲನೇ ವರ್ಷ ಅದು. ಆ ಮಾತನ್ನು ಹದಿಮೂರು ವರ್ಷ ಹಿಡಿದುಕೊಂಡೆ.

ನನ್ನ ಹೆಸರು ಮಂಜ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಹತ್ತೊಂಬತ್ತಕ್ಕೆ ಸ್ಟೇರಿಂಗ್ ಹಿಡಿದೆ, ಮೂವತ್ತಮೂರಕ್ಕೆ ಬಿಟ್ಟೆ. ಇಷ್ಟು ಬೇಗ ಎಂಥ ರಿಟೈರ್‌ಮೆಂಟ್ ಎಂದು ಜನ ನಗುತ್ತಾರೆ. ನಗಲಿ. ಬಿಟ್ಟ ಮೇಲೆ ಅದು ರಿಟೈರ್‌ಮೆಂಟೇ. ಈಗ ತುಮಕೂರು ಸ್ಟ್ಯಾಂಡಿನಲ್ಲಿ ಟೂರಿಸ್ಟ್ ವ್ಯಾನಿಗೆ ಸೇರುವ ಹೊಸ ಡ್ರೈವರ್‌ಗಳು ನನ್ನ ಹತ್ತಿರ ಬಂದು, "ಅಣ್ಣ, ಹೊಳೆ ಟ್ರಿಪ್ಪು ಹೆಂಗೆ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೆ ಬರೆಯುತ್ತಿದ್ದೇನೆ.

ಆ ಕಾಡಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಇನ್ನೂ ಇಪ್ಪತ್ತು ವ್ಯಾನ್ ಹೋಗುತ್ತವೆ. ನ್ಯಾಷನಲ್ ಪಾರ್ಕು. ಬೆಳಿಗ್ಗೆ ನಾಲ್ಕಕ್ಕೆ ಹೊರಟರೆ ಒಂಬತ್ತೂವರೆಗೆ ಗೇಟು. ಅಲ್ಲಿ ಆನೆ ಸಫಾರಿ ಇಲ್ಲ, ಅಂಗಡಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಗೇಟಿನಿಂದ ಒಳಗೆ ಹಾರನ್ ಹೊಡೆಯುವಂತಿಲ್ಲ, ಹಾಡು ಹಾಕುವಂತಿಲ್ಲ. ವ್ಯಾನ್ ನಿಲ್ಲಿಸಿ ಹತ್ತು ನಿಮಿಷ ನಡೆದರೆ ಹೊಳೆ. ಮೇಲಿನ ಮಡುವಿನಲ್ಲಿ ಎದೆ ಮಟ್ಟ ನೀರು, ಅಡ್ಡ ಹಗ್ಗ ಕಟ್ಟಿರುತ್ತಾರೆ, ಅಲ್ಲಿ ಇಳಿಯಬಹುದು. ತಿರುವು ದಾಟಿದರೆ ಕೆಳಗಿನ ಮಡು. ಅಲ್ಲಿಗೆ ಹೋಗಬಾರದು ಎಂದು ಬೋರ್ಡ್ ಹಾಕಿದ್ದಾರೆ. ಬೋರ್ಡ್ ಇರುವುದರಿಂದಲೇ ಜನ ಹೋಗುತ್ತಾರೆ.

ಕಾಡು ಹೇಗಿತ್ತು ಎಂದು ಬಣ್ಣಿಸಲು ನನಗೆ ಬರುವುದಿಲ್ಲ. ಸದ್ದಿರಲಿಲ್ಲ. ಅಷ್ಟು ಸಾಕು. ಕೆಲವರಿಗೆ ಅದೇ ಸಿಟ್ಟು. ತುಮಕೂರಿನ ಒಬ್ಬರು ಇಳಿದ ತಕ್ಷಣ, "ಏನ್ರೀ ಇದು, ಇಲ್ಲಿ ಏನೂ ಇಲ್ವಲ್ರೀ?" ಎಂದರು. "ಏನೂ ಇಲ್ದೇ ಇರೋದೇ ಸಾರ್ ಇಲ್ಲಿ ಇರೋದು, ಇಳೀರಿ," ಎಂದೆ.

ಕೆಲಸ ಎಂದರೆ ವ್ಯಾನ್ ಓಡಿಸುವುದು ಎಂದುಕೊಂಡು ಬರಬೇಡಿ. ಓಡಿಸುವುದು ಸುಲಭ. ವಾಂತಿ ಮಾಡುವವರನ್ನು ಮುಂದಿನ ಸೀಟಿಗೆ ತರಬೇಕು. ಮುಂದಿನ ಸೀಟಿನಲ್ಲಿ ಕೂತ ಯಜಮಾನರನ್ನು ಎಬ್ಬಿಸಬೇಕು. ಅವರು ಏಳುವುದಿಲ್ಲ. ಗೇಟಿನಲ್ಲಿ ಪ್ಲಾಸ್ಟಿಕ್ ಕವರ್ ಕಿತ್ತುಕೊಂಡರೆ ಅದಕ್ಕೂ ಡ್ರೈವರನ್ನೇ ಬಯ್ಯುತ್ತಾರೆ. ಆದರೆ ಇವೆಲ್ಲ ಸಣ್ಣ ವಿಷಯ. ದೊಡ್ಡ ವಿಷಯ ಒಂದೇ. ಹತ್ತಿಸಿಕೊಂಡು ಹೋದವರನ್ನೆಲ್ಲ ವಾಪಸ್ ತರಬೇಕು. ಮಿಕ್ಕಿದ್ದೆಲ್ಲ ಹೇಗಾದರೂ ಆಗುತ್ತದೆ.

ಬಸ್ಯನ ಘಟನೆ ಆದ ಮೇಲೆ ಚಪ್ಪಲಿ ಬಿಡಿಸುವುದನ್ನು ಕಾನೂನಿನಂತೆ ಮಾಡಿಬಿಟ್ಟೆ. ಹೊಳೆ ದಡದಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಅದರ ಮೇಲೆ ಸಾಲಾಗಿ ಬಿಡಬೇಕು, ಮುಖ ನೀರಿನ ಕಡೆಗೆ. ಬಂದವರು ತಮ್ಮದು ತಾವೇ ಹಾಕಿಕೊಳ್ಳಬೇಕು, ಬೇರೆಯವರದು ಮುಟ್ಟಬಾರದು. ಬಂಡೆ ಖಾಲಿ ಆದರೆ ಎಲ್ಲ ಬಂದರು ಎಂದು ನಾನು ತಮ್ಮಯ್ಯನಿಗೆ ಕೈ ಎತ್ತಿ ತೋರಿಸುತ್ತಿದ್ದೆ, ಅವನು ಅಡ್ಡ ಕಟ್ಟಿದ ಹಗ್ಗ ಬಿಚ್ಚಿ ಸುತ್ತುತ್ತಿದ್ದ.

ಎಲ್ಲರೂ ಒಪ್ಪುತ್ತಿರಲಿಲ್ಲ. ಒಬ್ಬ ಹೆಡ್‌ಮಾಸ್ಟರ್ ಶೂ ಹಾಕಿಕೊಂಡೇ ನೀರಿನ ಅಂಚಿನವರೆಗೆ ಹೋದರು.

"ಸಾರ್, ಶೂ ಬಿಚ್ಚಿ ಸಾಲಲ್ಲಿಡಿ."

"ಏನಯ್ಯಾ, ಮೂವತ್ತು ವರ್ಷ ನಾನು ಮಕ್ಕಳನ್ನ ಸಾಲಲ್ಲಿ ನಿಲ್ಸಿದೀನಿ. ನೀನು ನನ್ನ ನಿಲ್ಲಿಸ್ತೀಯಾ?"

"ನಿಮ್ಮನ್ನಲ್ಲ ಸಾರ್, ಶೂನ."

ಅವರ ಹೆಂಡತಿ ನಕ್ಕುಬಿಟ್ಟರು. ಹೆಡ್‌ಮಾಸ್ಟರ್ ಬಿಚ್ಚಿದರು.

ಇನ್ನೊಂದು ಸಲ ಕೋತಿಯೊಂದು ಬಂದು ಒಂಟಿ ಸ್ಯಾಂಡಲ್ ಎತ್ತಿಕೊಂಡು ಮರ ಹತ್ತಿತು. ನಾನು ಒಂಟಿ ಚಪ್ಪಲಿ ನೋಡಿ, ಯಾರೋ ಅರ್ಧ ನೀರಲ್ಲಿದ್ದಾರೆ ಎನ್ನುವ ಹಾಗೆ ಗಾಬರಿಯಾಗಿ, ಇಡೀ ಗುಂಪನ್ನು ಮೇಲೆ ಕರೆದೆ. ಮೇಲಿನಿಂದ ಸ್ಯಾಂಡಲ್ ನನ್ನ ತಲೆಯ ಮೇಲೇ ಬಿತ್ತು.

ನಮ್ಮ ವ್ಯಾನಿನ ಓನರ್ ಕುಣಿಗಲ್‌ನ ಗಂಗಣ್ಣ. ಅವನ ಲೆಕ್ಕದಲ್ಲಿ ಒಂದೇ ದಿನ ಜನಕ್ಕೆ ಮೂರು ಜಾಗ ತೋರಿಸಬೇಕು. ಹೊಳೆಯಲ್ಲಿ ಎರಡು ಗಂಟೆ ನಿಂತರೆ ಅವನಿಗೆ ಭೇದಿ ಹತ್ತುತ್ತಿತ್ತು.

"ಏನ್ಲಾ ಮಂಜ, ಡ್ರೈವರ್ ಅಂತ ಮಡಿಕೊಂಡ್ರೆ ಚಪ್ಲಿ ಕಾಯೋ ಕೆಲ್ಸ ಮಾಡ್ತೀಯಂತೆ? ದೇವಸ್ಥಾನದ ಮುಂದೆ ಹೋಗಿ ಕೂತ್ಕೊ, ಟೋಕನ್ನೂ ಕೊಡ್ಬೋದು."

"ಒಬ್ಬ ಕಮ್ಮಿ ಆಗಿ ವಾಪಸ್ ಬಂದ್ರೆ ಅವ್ರ ಮನೆಗೆ ನೀನು ಹೋಗಿ ಹೇಳ್ತೀಯಾ ಗಂಗಣ್ಣ?"

"ಅಪಶಕುನ ನುಡೀಬ್ಯಾಡ ಕಣ್ಲಾ."

ಸ್ಟ್ಯಾಂಡಿನಲ್ಲಿ ನನಗೆ 'ಚಪ್ಲಿ ಮಂಜ' ಎಂದು ಹೆಸರು ಬಿತ್ತು. ನನಗೆ ಬೇಜಾರಾಗಲಿಲ್ಲ. ನನ್ನ ವ್ಯಾನಿನಿಂದ ಹದಿಮೂರು ವರ್ಷ ಒಬ್ಬರೂ ಕಮ್ಮಿ ಆಗಿರಲಿಲ್ಲ. ನನ್ನ ಲೆಕ್ಕದ ಮೇಲೆ ನನಗೆ ಎಷ್ಟು ನಂಬಿಕೆ ಎಂದರೆ, ಮುಖ ನೋಡುವುದನ್ನೇ ಬಿಟ್ಟಿದ್ದೆ. ಕಾಲ ಬುಡ ನೋಡುತ್ತಿದ್ದೆ, ಅಷ್ಟೇ.

ಈಗ ಆ ದಿನದ ವಿಷಯ.

ಅಮೃತೂರಿನ ಮಹಿಳಾ ಸಂಘದವರು, ಹದಿನೆಂಟು ಜನ. ಮುಂದಾಳು ಜಯಮ್ಮ, ಗಟ್ಟಿ ಗಂಟಲಿನ ಹೆಂಗಸು. ಬೆಳಿಗ್ಗೆ ಹತ್ತಿಸಿಕೊಳ್ಳುವಾಗ ಕೊನೆಗೆ ಬಂದದ್ದು ಸಾಕಮ್ಮ. ಅರವತ್ತು ಆಗಿರಬಹುದು. ಮೆಟ್ಟಿಲ ಮೇಲೆ ಕಾಲಿಟ್ಟಾಗ ನೋಡಿದೆ, ಬರಿಗಾಲು. ಹಿಮ್ಮಡಿ ಒಣಗಿದ ಕೆರೆಯ ಹಾಗೆ ಒಡೆದಿತ್ತು.

"ಚಪ್ಲಿ ಮರ್ತ್ರಾ ಅವ್ವ?" ಎಂದೆ.

ಜಯಮ್ಮನೇ ಉತ್ತರ ಕೊಟ್ಟಳು: "ಮರ್ತಿಲ್ಲ ಕಣಪ್ಪ, ಹರಕೆ. ಅವಳ ಮಗ ಬೈಕಲ್ಲಿ ಬಿದ್ದು ತೊಡೆ ಮುರ್ಕೊಂಡ. ಅವ್ನು ದೇವರಾಯನದುರ್ಗದ ಮೆಟ್ಲು ಅವ್ನ ಕಾಲಲ್ಲೇ ಹತ್ತೋಗಂಟ ಇವ್ಳು ಚಪ್ಲಿ ಮೆಟ್ಟಲ್ಲ ಅಂತ ನರಸಿಂಹಸ್ವಾಮಿಗೆ ಹೇಳ್ಕಂಡವ್ಳೆ. ಎರಡು ವರ್ಷ ಆಯ್ತು."

"ಈಗ ಹೆಂಗವ್ನೆ ಮಗ?"

"ಕೋಲು ಹಿಡ್ಕಂಡು ಮನೆ ಒಳ್ಗೇ ಓಡಾಡ್ತಾನೆ," ಎಂದಳು ಸಾಕಮ್ಮ. "ಬೆಟ್ಟ ಅಂದ್ರೆ ಹೆದ್ರುತಾನೆ. ಬಿದ್ದೋಯ್ತೀನಿ ಅಂತಾನೆ."

ಇಷ್ಟು ಮಾತಾಡಿದೆ. ನೋಡಿದೆ, ಕೇಳಿದೆ, ಐದು ಗಂಟೆ ಡ್ರೈವ್ ಮಾಡುವಷ್ಟರಲ್ಲಿ ಮರೆತೆ. ನಮ್ಮ ಕಡೆ ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರು ಬೇಕಾದಷ್ಟು ಜನ. ನೋಡಿ ನೋಡಿ ಅದು ಕಣ್ಣಿಗೆ ನಾಟುವುದೇ ಇಲ್ಲ. ಇದು ನೆಪವಲ್ಲ, ಹೇಗಾಯಿತು ಎಂದು ಹೇಳುತ್ತಿದ್ದೇನೆ.

ಬಂಡೆಯ ಮೇಲೆ ಚಪ್ಪಲಿ ಎಣಿಸಿದೆ. ಹದಿನೇಳು ಜೊತೆ. ಟಿಕೆಟ್ ಹದಿನೆಂಟು. ಒಂದು ಕ್ಷಣ ನಿಂತೆ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದ ಲಕ್ಷ್ಮಿ ಎಂಬ ಹೆಂಗಸು ನೆನಪಾದಳು. ಅವಳು ವ್ಯಾನಿನಲ್ಲೇ ಮಲಗಿರಬೇಕು ಎಂದುಕೊಂಡೆ. ಹೋಗಿ ನೋಡಲಿಲ್ಲ. ಹೊಳೆಯಲ್ಲಿ ಯಾರನ್ನಾದರೂ ಕೇಳಲೂ ಇಲ್ಲ. ಲಕ್ಷ್ಮಿ ನೀರಿನಲ್ಲೇ ಇದ್ದಳು. ಅವಳ ಚಪ್ಪಲಿ ಆ ಹದಿನೇಳರಲ್ಲಿ ಒಂದಾಗಿತ್ತು.

ಅವರು ನೀರಿಗಿಳಿದು ಒಂದು ಗಂಟೆ ಆಗಿರಬಹುದು. ತಮ್ಮಯ್ಯ ನೀರು ನೋಡುತ್ತಾ ಇದ್ದವನು ಎದ್ದುನಿಂತ.

"ಮಂಜ, ನೀರಿನ ಬಣ್ಣ ನೋಡು."

ಟೀ ಬಣ್ಣಕ್ಕೆ ತಿರುಗುತ್ತಿತ್ತು. ಮೇಲೆ ಬೆಟ್ಟದಲ್ಲಿ ಎಲ್ಲೋ ಮಳೆ ಬಿದ್ದಿತ್ತು. ನಮ್ಮ ತಲೆಯ ಮೇಲೆ ಬಿಸಿಲು.

"ಎಲ್ರನ್ನೂ ಎತ್ತು. ಬೇಗ."

ಕೂಗಿದೆ. ಹೆಂಗಸರು ಗೊಣಗುತ್ತಾ ಮೇಲೆ ಬಂದರು. ಒದ್ದೆ ಸೀರೆ ಹಿಂಡುತ್ತಾ, ಚಪ್ಪಲಿ ಮೆಟ್ಟಿಕೊಂಡು, ಗುಂಪಾಗಿ ಹೊರಟರು. ಬಂಡೆ ಖಾಲಿ ಆಯಿತು. ನಾನು ಕೈ ಎತ್ತಿದೆ. ತಮ್ಮಯ್ಯ ಹಗ್ಗ ಬಿಚ್ಚಿ ಸುತ್ತಿಕೊಂಡ.

ವ್ಯಾನಿನ ಹತ್ತಿರ ಬಂದೆ. ಲಕ್ಷ್ಮಿ ಬಾಗಿಲ ಹತ್ತಿರ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ಕೂದಲಿನಿಂದ ನೀರು ಸೋರುತ್ತಿತ್ತು. ಕಾಲಲ್ಲಿ ಚಪ್ಪಲಿ.

"ನೀನು ನೀರಿಗಿಳ್ದಿದ್ಯಾ?"

"ಊಂ ಅಣ್ಣ, ಇಳಿದ್ಮೇಲೆ ತಲೆಸುತ್ತೆಲ್ಲಾ ಹೋಯ್ತು."

ಅವಳನ್ನು ಪಕ್ಕಕ್ಕೆ ಸರಿಸಿದೆ. ಒಳಗೆ ಹೋಗಿ ತಲೆ ಎಣಿಸಿದೆ. ಹದಿನೇಳು.

"ಸಾಕಮ್ಮ ಎಲ್ಲಿ?"

ಒಬ್ಬರ ಮುಖ ಒಬ್ಬರು ನೋಡಿದರು. "ಮುಂದೆ ಹೋದ್ಲು ಅಂದ್ಕಂಡೆ," ಎಂದಳು ಒಬ್ಬಳು. "ಹಿಂದೆ ಬತ್ತಾವ್ಳೆ ಅಂದ್ಕಂಡೆ," ಎಂದಳು ಇನ್ನೊಬ್ಬಳು. ಜಯಮ್ಮ ನನ್ನ ಮುಖಕ್ಕೇ ಕೇಳಿದಳು: "ನೀನು ಕೈ ಎತ್ತಿದ್ಯಲ್ಲಪ್ಪ! ಎಲ್ಲಾ ಬಂದ್ರು ಅಂತ ತಾನೇ ಕೈ ಎತ್ತಿದ್ದು?"

ನಾನು ವ್ಯಾನಿನಿಂದ ಹಾರಿದೆ.

ಹತ್ತು ನಿಮಿಷದ ದಾರಿಯನ್ನು ಎಷ್ಟು ಬೇಗ ಓಡಿದೆನೋ ಗೊತ್ತಿಲ್ಲ. ತಮ್ಮಯ್ಯ ಹಗ್ಗ ಹೆಗಲಿಗೆ ಹಾಕಿಕೊಂಡು ಜೊತೆಗೆ ಸೇರಿಕೊಂಡ. ಜಯಮ್ಮನೂ ಹಿಂದೆಯೇ ಓಡಿಬಂದಳು. ಮೇಲಿನ ಮಡು ಖಾಲಿ. ತಿರುವು ದಾಟಿದೆವು.

ಕೆಳಗಿನ ಮಡುವಿನಲ್ಲಿ ಸಾಕಮ್ಮನ ಹೆಗಲಿಂದ ಮೇಲೆ ಮಾತ್ರ ಕಾಣುತ್ತಿತ್ತು. ಎಳೆಯವರ ಮುಂದೆ ಸೀರೆ ಬಿಚ್ಚಿ ತೊಳೆಯಲು ನಾಚಿಕೆಯಾಗಿ ಒಬ್ಬಳೇ ಆ ಕಡೆ ಬಂದಿದ್ದಳು. ಒಂದು ಹಾಸುಗಲ್ಲಿನ ಮೇಲೆ ಕಾಲಿಟ್ಟಾಗ ಅದು ಮಗುಚಿ ಪಕ್ಕದ ಬಂಡೆಗೆ ಒರಗಿಕೊಂಡಿತ್ತು. ಅದರ ಸಂದಿಯಲ್ಲಿ ಅವಳ ಬಲಗಾಲು. ಕೂಗಿದ್ದಾಳೆ, ಬಸ್ಯನ ಹಾಗೆಯೇ. ಯಾರಿಗೂ ಕೇಳಿಸಿಲ್ಲ.

ನಾನು ಇಳಿದೆ. ನನ್ನನ್ನು ನೋಡಿ ಅವಳು ಹೇಳಿದ ಮೊದಲ ಮಾತು: "ಸೀರೆ ತೇಲ್ಕಂಡು ಹೋಯ್ತಪ್ಪ. ಹತ್ರ ಬರ್ಬ್ಯಾಡ."

"ಕಣ್ಣು ಮುಚ್ಕಂಡೇ ಮುಳುಗ್ತೀನಿ ಅವ್ವ. ಸುಮ್ನೆ ನನ್ ಹೆಗ್ಲು ಹಿಡ್ಕೊ."

ಮುಳುಗಿ ಮುಟ್ಟಿ ನೋಡಿದೆ. ಕಾಲು ಎಳೆದರೆ ಬರುವುದಿಲ್ಲ, ಪಾದ ಅಡ್ಡ ಸಿಕ್ಕಿತ್ತು. ಕಲ್ಲು ನೂಕಿದರೆ ಅಲುಗುವುದಿಲ್ಲ. ತಮ್ಮಯ್ಯ ಇಳಿದು ಇಬ್ಬರೂ ಸೇರಿ ನೂಕಿದೆವು. ಅವನ ಕೋಲು ಸಂದಿಗೆ ಹಾಕಿ ಮೀಟಿದೆವು. ಕೋಲು ಮುರಿಯಿತು. ಅಷ್ಟರಲ್ಲಿ ನೀರು ಅವಳ ಕತ್ತಿಗೆ ಬಂತು.

ಆಗ ನನಗೆ ಹೊಳೆಯಿತು. ನಾನು ಈಜುಗಾರನಲ್ಲ, ಡ್ರೈವರ್.

"ಜಯಮ್ಮಕ್ಕ! ವ್ಯಾನಿಗೆ ಓಡು, ಜಾಕ್ ತಗೊಂಡ್ಬಾ!"

"ಜಾಕ್ ಅಂದ್ರೆ ಯಾವ್ದಪ್ಪ?"

"ನನ್ನ ಸೀಟಿನ ಕೆಳಗೆ ಕಪ್ಪಗೆ ಐತೆ. ತಿರುಗ್ಸೋ ರಾಡೂ ಬೇಕು!"

ಅವಳು ಓಡಿದಳು. ನಾನು ಸಾಕಮ್ಮನ ಗದ್ದ ಎತ್ತಿ ಹಿಡಿದು ನಿಂತೆ. ತಮ್ಮಯ್ಯ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ದಡದ ಮರಕ್ಕೆ ಬಿಗಿದ.

"ನಮ್ ಹುಡುಗುನ್ಗೆ ಏನಂತ ಹೇಳ್ತೀರಪ್ಪ?" ಎಂದಳು.

"ಏನೂ ಹೇಳಲ್ಲ. ನೀನೇ ಹೋಗಿ ಹೇಳ್ತೀಯ."

"ಅವ್ನು ಬೆಟ್ಟ ಹತ್ನಿಲ್ಲ ಇನ್ನೂ."

"ಹತ್ತುತಾನೆ. ಬಾಯ್ಮುಚ್ಕೊ, ನೀರು ಹೋಯ್ತದೆ."

ಬೈದೇ ಹೇಳಿದೆ. ಸಮಾಧಾನದ ಮಾತು ಬರಲಿಲ್ಲ.

ಜಯಮ್ಮ ಬಂದಾಗ ಅವಳ ಮಡಿಲಲ್ಲಿ ನನ್ನ ಸೀಟಿನ ಕೆಳಗಿದ್ದದ್ದೆಲ್ಲ ಇತ್ತು. ಜಾಕು, ರಾಡು, ಗ್ರೀಸ್ ಡಬ್ಬಿ, ನನ್ನ ಊಟದ ಬಾಕ್ಸು. "ಯಾವ್ದು ಅಂತ ಗೊತ್ತಾಗ್ನಿಲ್ಲ, ಎಲ್ಲಾ ತಂದೆ!"

ಅದು ಟೈರ್ ಬದಲಿಸಲು ವ್ಯಾನ್ ಎತ್ತುವ ಹಳೆಯ ಸ್ಕ್ರೂ ಜಾಕ್. ಗಂಗಣ್ಣ ಎರಡು ಸಲ ಗುಜರಿಗೆ ಹಾಕು ಎಂದಿದ್ದ. ಅಡ್ಡ ಇಟ್ಟರೂ ತಿರುಗುತ್ತದೆ, ಎಣ್ಣೆ ಬೇಡ, ನೀರಿನೊಳಗೂ ನಡೆಯುತ್ತದೆ. ಮುಳುಗಿ ಅದನ್ನು ಬಂಡೆಗೂ ಹಾಸುಗಲ್ಲಿಗೂ ನಡುವೆ ಅಡ್ಡ ಕೂರಿಸಿದೆ. ಉಸಿರು ಕಟ್ಟಿ ನಾಲ್ಕು ಸುತ್ತು ತಿರುಗಿಸು, ಮೇಲೆ ಬಾ, ಉಸಿರೆಳೆ, ಮತ್ತೆ ಮುಳುಗು. ಎಷ್ಟು ಸಲ ಎಂದು ಎಣಿಸಲಿಲ್ಲ. ಒಂದು ಸಲ ಮೇಲೆ ಬಂದಾಗ ಹೊಳೆಯಲ್ಲಿ ತೇಲಿಬಂದ ಕೊಂಬೆಯೊಂದು ಎಡಗಿವಿಗೆ ಬಡಿಯಿತು. ತಲೆಯೊಳಗೆ ಟೈರು ಒಡೆದ ಹಾಗಾಯಿತು. ನಿಲ್ಲಿಸಲಿಲ್ಲ. ನೀರು ಸಾಕಮ್ಮನ ತುಟಿಗೆ ಬಂದಿತ್ತು. ಅವಳು ಮೂಗು ಆಕಾಶಕ್ಕೆ ಮಾಡಿ ನಿಂತಿದ್ದಳು.

ಕಲ್ಲು ನಾಲ್ಕು ಬೆರಳು ಸರಿಯಿತು. ಕಾಲು ಬಂತು. ತಮ್ಮಯ್ಯನೂ ಜಯಮ್ಮನೂ ಹಗ್ಗ ಎಳೆದರು. ಜಾಕ್ ಅಲ್ಲೇ ಉಳಿಯಿತು, ಈಗಲೂ ಅಲ್ಲೇ ಇರಬೇಕು.

ದಡದಲ್ಲಿ ಜಯಮ್ಮ ತನ್ನ ಸೆರಗು ಹರಿದು ಅವಳಿಗೆ ಹೊದಿಸಿದಳು. ಪಾದ ಊದಿಕೊಂಡು ಕುಂಬಳಕಾಯಿ ಆಗಿತ್ತು. ಮೂಳೆ ಮುರಿದಿರಲಿಲ್ಲ. ಎರಡು ವರ್ಷ ಬರಿಗಾಲಲ್ಲಿ ನಡೆದ ಕಾಲು, ಗಟ್ಟಿ ಇತ್ತು.

ವಾಪಸ್ ಬಂದ ಮೇಲೆ ಗಂಗಣ್ಣ ಹೇಳಿದ: "ಅವ್ಳೇ ಬೋರ್ಡ್ ದಾಟ್ಕಂಡು ಹೋದ್ಲು ಅನ್ನು. ಸುಳ್ಳೇನಲ್ವಲ್ಲ. ಮುಗೀತು."

ಸುಳ್ಳಲ್ಲ, ನಿಜ. ಆದರೆ ಕೈ ಎತ್ತಿದವನು ನಾನು. ಮಾರನೇ ದಿನ ಅಮೃತೂರಿಗೆ ಹೋದೆ. ಸಾಕಮ್ಮ ಮಂಚದ ಮೇಲಿದ್ದಳು, ಮಗ ಗೋಡೆ ಹಿಡಿದು ನಿಂತಿದ್ದ. ಹೆಸರು ಶಿವು, ನನಗಿಂತ ಚಿಕ್ಕವನು.

"ನಿಮ್ಮವ್ವ ಇಲ್ದೇನೇ ಎಲ್ಲಾ ಬಂದ್ರು ಅಂತ ಕೈ ಎತ್ತಿದ್ದು ನಾನು. ಚಪ್ಲಿ ಎಣಿಸ್ದೆ, ಮುಖ ನೋಡ್ನಿಲ್ಲ. ತಪ್ಪು ನಂದು," ಎಂದೆ.

ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ತಿನ್ನುತ್ತಿದ್ದೆ. ಅವನು ಅವಳ ಊದಿದ ಪಾದ ನೋಡಿದ.

"ಅವ್ವನ ಕಾಲಲ್ಲಿ ಚಪ್ಲಿ ಯಾಕಿರ್ಲಿಲ್ಲ ಹೇಳಿ?" ಎಂದ. ಕೋಲು ಹಿಡಿದು ಒಳಗೆ ಹೋದ.

ನನ್ನ ಎಡಗಿವಿ ಹೋಯಿತು. ತುಮಕೂರಿನ ಡಾಕ್ಟರು ನೋಡಿ ತಮಟೆ ಹರಿದಿದೆ ಎಂದರು. ಆದರೂ ಒಂದಷ್ಟು ತಿಂಗಳು ಓಡಿಸಿದೆ. ಆ ತಿಂಗಳುಗಳಲ್ಲಿ ಮೆಥಡ್ ಬದಲಾಯಿಸಿದೆ. ಹೊಸಬರು ಇದನ್ನು ಸರಿಯಾಗಿ ಓದಿಕೊಳ್ಳಿ. ನೀರಿಗೆ ಇಳಿಯುವಾಗ ಒಬ್ಬೊಬ್ಬರೂ ನನ್ನ ಅಂಗೈಗೆ ಅಂಗೈ ಕೊಟ್ಟು ಹೆಸರು ಹೇಳಬೇಕು. ಮೇಲೆ ಬಂದಾಗ ಮತ್ತೆ ಹಾಗೇ. ಮುಖ ನೋಡುತ್ತಿದ್ದೆ. ಚಪ್ಪಲಿ, ಬ್ಯಾಗು, ಟವೆಲ್, ಫೋನು, ಯಾವುದನ್ನೂ ಎಣಿಸುತ್ತಿರಲಿಲ್ಲ. ಲೆಕ್ಕ ಒಂದು ಕಮ್ಮಿ ಬಂದರೆ ಕಾರಣ ಹುಡುಕಬೇಡಿ, ಆಳನ್ನು ಹುಡುಕಿ. ನಾನು ಕಾರಣ ಹುಡುಕಿದೆ, ಕಾರಣ ಸಿಕ್ಕಿಬಿಟ್ಟಿತು.

ತಮ್ಮಯ್ಯನನ್ನು ಬಯ್ಯಬೇಡಿ. ಅವನು ಕಲಿಸಿದ್ದು ತಪ್ಪಲ್ಲ. ಅದೇ ಬಸ್ಯನನ್ನು ಉಳಿಸಿತು. ಅದೊಂದನ್ನೇ ನಂಬಿದ್ದು ನನ್ನ ತಪ್ಪು.

ಒಂದು ದಿನ ಗುಬ್ಬಿ ಹತ್ತಿರ ಎಡಗಡೆಯಿಂದ ಬಂದ ಬೈಕಿನ ಹಾರನ್ ಕೇಳಿಸಲಿಲ್ಲ. ಒಂದು ಗೇಣಿನಲ್ಲಿ ತಪ್ಪಿತು. ವ್ಯಾನ್ ಪಕ್ಕಕ್ಕೆ ನಿಲ್ಲಿಸಿದೆ, ಗಂಗಣ್ಣನಿಗೆ ಫೋನ್ ಮಾಡಿ ಬೇರೆ ಡ್ರೈವರ್ ಕಳಿಸು ಎಂದೆ. ಅದೇ ನನ್ನ ರಿಟೈರ್‌ಮೆಂಟು. ಶಾಲು ಇಲ್ಲ, ಹಾರ ಇಲ್ಲ. ಹದಿನಾಲ್ಕು ವರ್ಷ, ಒಬ್ಬರೂ ಕಮ್ಮಿ ಇಲ್ಲ. ಸಾಕು.

ಈಗ ಗುಬ್ಬಿಯಿಂದ ಬಿದರೆಹಳ್ಳ ಕಾವಲ್ ಕಡೆ ಹೋಗುವ ರಸ್ತೆಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದೇನೆ. ಅಲ್ಲಿನ ಕಾರ್ಖಾನೆಯ ಹೆಲಿಕಾಪ್ಟರ್ ಮೇಲೆ ಹೋಗುವುದು ಕೇಳಿಸುತ್ತದೆ. ಒಂದೇ ಕಿವಿ ಆದ್ದರಿಂದ ಯಾವ ಕಡೆಯಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ. ಆಕಾಶವನ್ನೆಲ್ಲ ಹುಡುಕಬೇಕು.

ಮೊನ್ನೆ ಹಾಗೆ ತಲೆ ಎತ್ತಿ ಹುಡುಕುತ್ತಿದ್ದಾಗ ಅಂಗಡಿ ಮುಂದೆ ಆಟೋ ನಿಂತಿತು. ಸಾಕಮ್ಮ ಇಳಿದಳು. ಹಿಂದಿನಿಂದ ಶಿವು. ಅವನ ಕೈಯಲ್ಲಿ ಕೋಲು ಇರಲಿಲ್ಲ, ಸ್ವಲ್ಪ ಕುಂಟುತ್ತಿದ್ದ. ಹಣೆಯಲ್ಲಿ ಕುಂಕುಮ. ಕೈಯಲ್ಲಿ ಬಾಳೆಹಣ್ಣು, ಒಡೆದ ಕಾಯಿ.

"ದೇವರಾಯನದುರ್ಗದಿಂದ ಬತ್ತಾ ಇದೀವಿ," ಎಂದ. "ಮೆಟ್ಲು ಹತ್ತಕ್ಕೆ ಮೂರು ಗಂಟೆ ಹಿಡೀತು. ನಾಲ್ಕು ಕಡೆ ಕೂತ್ಕಂಡೆ."

"ಐದು ಕಡೆ," ಎಂದಳು ಸಾಕಮ್ಮ.

ಅವಳು ಅಂಗಡಿ ಬಾಗಿಲಲ್ಲಿ ನಿಂತು ಹೊಸ ಚಪ್ಪಲಿ ಬಿಟ್ಟಳು. ಬಗ್ಗಿ, ಕೈಯಿಂದ ಎರಡನ್ನೂ ಸಾಲಾಗಿ ಇಟ್ಟಳು. ಒಳಗೆ ಬಂದು ಬಲಗಡೆ, ನನಗೆ ಕೇಳಿಸುವ ಕಡೆ ನಿಂತಳು.

"ಈಗ ಎಣಿಸ್ಕೊ ಕಣ್ಲಾ, ಚಪ್ಲಿ ಮಂಜ."

ನಾನು ಚಪ್ಪಲಿ ನೋಡಲಿಲ್ಲ. ಗ್ರೀಸ್ ಆಗಿದ್ದ ಕೈ ಪ್ಯಾಂಟಿಗೆ ಒರೆಸಿಕೊಂಡು ಅಂಗೈ ಚಾಚಿದೆ. ಅವಳು ಅಂಗೈ ಇಟ್ಟು ಹೆಸರು ಹೇಳಿದಳು.

ಇಷ್ಟೇ. ಇದಕ್ಕಿಂತ ಹೆಚ್ಚಿಗೆ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ.